ಪಕ್ ಇಲ್ಲದ ಕಡೆಯ ಆಟ

ಐಸ್ ಹಾಕಿಯನ್ನು ಮೊದಲ ಸಲ ಟಿವಿಯಲ್ಲಿ ನೋಡಿದವರು ಹತ್ತು ನಿಮಿಷ ಕಳೆಯುವುದರೊಳಗೆ ಒಂದು ದೂರು ಹೇಳುತ್ತಾರೆ: ಪಕ್ ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ. ದೂರಿನಲ್ಲಿ ಹುರುಳಿದೆ. ಪಕ್ ಎಂದರೆ ಮೂರು ಇಂಚು ಅಗಲದ, ಒಂದು ಇಂಚು ದಪ್ಪದ, ಗಟ್ಟಿ ರಬ್ಬರಿನ ಕಪ್ಪು ಬಿಲ್ಲೆ. ತೂಕ ಹೆಚ್ಚೆಂದರೆ 170 ಗ್ರಾಂ. ಆಡುವಾಗ ಪುಟಿಯದಿರಲೆಂದು ಪಂದ್ಯಕ್ಕೆ ಮುಂಚೆ ಅದನ್ನು ಕೊರೆಯುವಷ್ಟು ತಣ್ಣಗೆ ಮಾಡಿಟ್ಟಿರುತ್ತಾರೆ. ಬಲವಾಗಿ ಬಾರಿಸಿದರೆ ಗಂಟೆಗೆ 150 ಕಿಲೋಮೀಟರ್ ದಾಟಿ ಹೋಗುತ್ತದೆ. ಈ ದೂರಿಗೆ ಮದ್ದು ಹುಡುಕಲು ಹೊರಟ ಅಮೆರಿಕದ ಫಾಕ್ಸ್ ವಾಹಿನಿ, 1996ರ ಜನವರಿಯಲ್ಲಿ ಬಾಸ್ಟನ್‌ನಲ್ಲಿ ನಡೆದ ನ್ಯಾಷನಲ್ ಹಾಕಿ ಲೀಗ್‌ನ (ಎನ್‌ಎಚ್‌ಎಲ್) ಆಲ್‌ಸ್ಟಾರ್ ಪಂದ್ಯದಲ್ಲಿ, ಹೊಟ್ಟೆಯೊಳಗೆ ಬ್ಯಾಟರಿ ಮತ್ತು ಪುಟ್ಟ ಸರ್ಕ್ಯೂಟ್ ಇದ್ದ ಪಕ್ ಬಳಸಿ ಪ್ರಸಾರ ಮಾಡಿತು. ತೆರೆಯ ಮೇಲೆ ಪಕ್‌ನ ಸುತ್ತ ನೀಲಿ ಪ್ರಭೆ; ವೇಗ ಗಂಟೆಗೆ 70 ಮೈಲಿ ಮೀರಿದರೆ ಹಿಂದೊಂದು ಕೆಂಪು ಬಾಲ. ಪಕ್ ಇನ್ನು ಯಾರ ಕಣ್ಣಿಗೂ ತಪ್ಪುವಂತಿರಲಿಲ್ಲ. ಆದರೂ ಹಳೆಯ ಅಭಿಮಾನಿಗಳಲ್ಲಿ ಬಹಳ ಮಂದಿ ಸಿಡಿಮಿಡಿಗೊಂಡರು. 1998ರ ಹೊತ್ತಿಗೆ ಪ್ರಯೋಗ ನಿಂತೇ ಹೋಯಿತು. ಅಲ್ಲಿ ಸೋತದ್ದು ತಂತ್ರಜ್ಞಾನ ಎಂದು ನನಗನ್ನಿಸುವುದಿಲ್ಲ. ರೋಗ ಗುರುತಿಸಿದ್ದರಲ್ಲೇ ತಪ್ಪಿತ್ತು. ಟಿವಿ ಮುಂದೆ ಕೂತವರಿಗೆ ಆಗುವ ದೊಡ್ಡ ನಷ್ಟವೆಂದರೆ ಪಕ್ ಇಲ್ಲದ ಕಡೆ ಏನಾಗುತ್ತಿದೆ ಎಂಬುದು ಕಾಣದೇ ಹೋಗುವುದು. ಐಸ್ ಹಾಕಿಯನ್ನು ರಿಂಕ್‌ಗೇ, ಅಂದರೆ ಐಸ್ ಹಾಸಿದ ಆಟದಂಗಳಕ್ಕೇ, ಹೋಗಿ ನೋಡಬೇಕು ಎಂದು ಅಭಿಮಾನಿಗಳು ಪಟ್ಟು ಹಿಡಿಯುವುದನ್ನು ಗದ್ದಲದ ಹುಚ್ಚು ಎಂದು ತಳ್ಳಿಹಾಕುವುದು ಸುಲಭ. ಆದರೆ ಈ ಆಟದ ಬಹುಪಾಲು ಅಲ್ಲಿ ಮಾತ್ರ ಕಣ್ಣಿಗೆ ಬೀಳುತ್ತದೆ. ಅದು ಹೇಗೆಂದು ತೋರಿಸುವುದೇ ಈ ಬರಹದ ಉದ್ದೇಶ.

ಮೊದಲು ಒಂದು ಸರಳ ಲೆಕ್ಕ. ಎನ್‌ಎಚ್‌ಎಲ್ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ತಲಾ 20 ನಿಮಿಷದ ಮೂರು ಅವಧಿ. ತಂಡಕ್ಕೆ ಆರು ಮಂದಿ. ಗೋಲ್‌ಕೀಪರ್‌ಗಳಿಬ್ಬರನ್ನು ಬಿಟ್ಟರೆ ಹತ್ತು ಮಂದಿ ಐಸ್ ಮೇಲೆ ಓಡಾಡುತ್ತಿರುತ್ತಾರೆ. ಅವರ ನಡುವೆ ಇರುವ ಪಕ್ ಒಂದೇ. ಒಳ್ಳೆಯ ಫಾರ್ವರ್ಡ್ ಒಬ್ಬ ಒಂದು ಪಂದ್ಯದಲ್ಲಿ ಸುಮಾರು 20 ನಿಮಿಷ ಆಡುತ್ತಾನೆ. ಆ ಹೊತ್ತನ್ನು ಹತ್ತು ಮಂದಿಗೆ ಸಮನಾಗಿ ಹಂಚಿದರೆ ಪಕ್ ಅವನ ಸ್ಟಿಕ್ಕಿಗೆ ಅಂಟಿಕೊಂಡಿರುವುದು ಎರಡೇ ನಿಮಿಷ. ಯಾರ ಹಿಡಿತಕ್ಕೂ ಸಿಗದೆ ಪಕ್ ಜಾರುತ್ತಿರುವ, ಗೋಡೆಗೆ ಬಡಿದು ಮರಳುವ ಕ್ಷಣಗಳನ್ನು ಕಳೆದರೆ ಅದೂ ಉಳಿಯುವುದಿಲ್ಲ. ಹಾಗಾದರೆ ಮಿಕ್ಕ 18 ನಿಮಿಷ ಅವನು ಮಾಡುವುದೇನು? ಎದುರಾಳಿಯ ದಾರಿ ಅಡ್ಡಗಟ್ಟುತ್ತಾನೆ, ಜೊತೆಗಾರನಿಗೆ ಜಾಗ ಬಿಡಿಸಿಕೊಡುತ್ತಾನೆ, ಪಕ್ ಇನ್ನೆರಡು ಸೆಕೆಂಡಿಗೆ ಎಲ್ಲಿ ಬಂದೀತೆಂದು ಊಹಿಸಿ ಅಲ್ಲಿಗೆ ಹೋಗಿ ನಿಲ್ಲುತ್ತಾನೆ. ಆಟಗಾರನ ಬುದ್ಧಿ ಖರ್ಚಾಗುವುದು ಈ 18 ನಿಮಿಷಗಳಲ್ಲಿ. ಇದಕ್ಕೆ ವೇಯ್ನ್ ಗ್ರೆಟ್‌ಸ್ಕಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಎನ್‌ಎಚ್‌ಎಲ್‌ನಲ್ಲಿ ಅವರು ಹೊಡೆದ ಗೋಲು 894. ಇತರರ ಗೋಲಿಗೆ ಕೊಟ್ಟ ನೆರವು, ಅಂದರೆ ಅಸಿಸ್ಟ್, 1,963. ಗೋಲುಗಳನ್ನೆಲ್ಲ ಅಳಿಸಿಹಾಕಿ ಬರೀ ಅಸಿಸ್ಟ್‌ಗಳನ್ನು ಉಳಿಸಿಕೊಂಡರೂ, ಉಳಿದ ಯಾವ ಆಟಗಾರನ ಗೋಲು-ಅಸಿಸ್ಟ್‌ಗಳ ಒಟ್ಟು ಮೊತ್ತವೂ ಅದನ್ನು ಮುಟ್ಟುವುದಿಲ್ಲ. ಗ್ರೆಟ್‌ಸ್ಕಿ ದೈತ್ಯ ದೇಹದವರಲ್ಲ, ಅತಿ ವೇಗದ ಸ್ಕೇಟರ್ ಕೂಡ ಅಲ್ಲ. ಎದುರಾಳಿಯ ಗೋಲಿನ ಹಿಂಬದಿಯಲ್ಲಿ ನಿಂತು ಆಡುವುದು ಅವರ ಪದ್ಧತಿ. ಆ ಜಾಗಕ್ಕೆ ಜನ ಅವರ ಆಫೀಸು ಎಂದೇ ಹೆಸರಿಟ್ಟಿದ್ದರು. ಅವರು ಅಲ್ಲಿ ನಿಂತರೆಂದರೆ ರಕ್ಷಣಾ ಆಟಗಾರರಿಗೆ ಇಕ್ಕಟ್ಟು. ಅವರನ್ನು ನೋಡುತ್ತಿದ್ದರೆ ಬೆನ್ನ ಹಿಂದೆ ಬರುವವರು ಕಾಣುವುದಿಲ್ಲ. ಬೆನ್ನ ಹಿಂದಕ್ಕೆ ತಿರುಗಿದರೆ ಅವರು ತಪ್ಪಿಹೋಗುತ್ತಾರೆ. ಈ ಇಕ್ಕಟ್ಟನ್ನು ಅರಿಯಬೇಕಾದರೆ ಪಕ್ ಹಿಡಿದವರನ್ನು ಬಿಟ್ಟು ರಕ್ಷಕರ ಕುತ್ತಿಗೆ ಯಾವ ಕಡೆ ಹೊರಳುತ್ತಿದೆ ಎಂದು ನೋಡಬೇಕು.

ಟಿವಿಯ ಮುಖ್ಯ ಕ್ಯಾಮೆರಾ ರಿಂಕ್‌ನ ನಡುಗೆರೆಯ ನೇರಕ್ಕೆ, ಎತ್ತರದಲ್ಲಿ ಕೂತಿರುತ್ತದೆ. ಪಕ್ ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ ತಿರುಗುವುದು ಅದರ ಕೆಲಸ. ಪಕ್ ಇರುವ ಭಾಗವನ್ನು ದೊಡ್ಡದಾಗಿ ತೋರಿಸಬೇಕಾದರೆ ಉಳಿದ ಭಾಗವನ್ನು ಕೈಬಿಡಲೇಬೇಕು. ಯಕ್ಷಗಾನದ ಬಯಲಾಟವನ್ನು ಚಿತ್ರೀಕರಿಸುವವರು ಅರ್ಥ ಹೇಳುತ್ತಿರುವ ವೇಷದ ಮುಖವನ್ನಷ್ಟೇ ಹಿಡಿದರೆ, ಎದುರು ನಿಂತು ಕೇಳಿಸಿಕೊಳ್ಳುತ್ತಾ ಒಳಗೊಳಗೇ ಕುದಿಯುತ್ತಿರುವ ವೇಷ ನಮ್ಮ ಪಾಲಿಗೆ ಇಲ್ಲವಾಗುತ್ತದೆ. ಪ್ರಸಂಗ ತಿಳಿದರೂ ರಂಗ ತಿಳಿಯುವುದಿಲ್ಲ. ತೆರೆಯ ಮೇಲೆ ಐಸ್ ಹಾಕಿಯ ಗತಿಯೂ ಅದೇ. ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡದ ಅಲೆಕ್ಸಾಂಡರ್ ಒವೆಚ್ಕಿನ್ 2025ರ ಏಪ್ರಿಲ್ 6ರಂದು ತಮ್ಮ 895ನೇ ಗೋಲು ಹೊಡೆದು ಗ್ರೆಟ್‌ಸ್ಕಿಯ ದಾಖಲೆ ಮುರಿದರು. ಆ ಗೋಲು ಬಂದದ್ದು ಪವರ್ ಪ್ಲೇಯಲ್ಲಿ, ಐಸ್ ಮೇಲೆ ಬರೆದಿರುವ ಎಡಗಡೆಯ ವೃತ್ತದಿಂದ. ಎದುರಾಳಿ ತಂಡದವರೊಬ್ಬರು ಶಿಕ್ಷೆಗೊಳಗಾಗಿ ಹೊರಗೆ ಕೂತು, ಐವರ ಎದುರು ನಾಲ್ವರು ಆಡುವ ಹೊತ್ತಿಗೆ ಇಲ್ಲಿ ಪವರ್ ಪ್ಲೇ ಎನ್ನುತ್ತಾರೆ. ಆಗೆಲ್ಲ ಒವೆಚ್ಕಿನ್ ಎಡ ವೃತ್ತದಲ್ಲಿ ಸ್ಟಿಕ್ ಎತ್ತಿ ಕಾಯುತ್ತಾರೆಂಬುದು ಲೀಗಿಗೆಲ್ಲ ಗೊತ್ತು. ಎರಡು ದಶಕ ಗೊತ್ತಿದ್ದರೂ ತಡೆಯಲಾಗಲಿಲ್ಲ. ಟಿವಿಯಲ್ಲಿ ಪಕ್ ಬಲಗಡೆ ಕೈಯಿಂದ ಕೈಗೆ ಹೋಗುತ್ತಿರುವಾಗ ಅವರು ಎಷ್ಟೋ ಸಲ ಚೌಕಟ್ಟಿನ ಅಂಚಿನಲ್ಲೋ ಹೊರಗೋ ಇರುತ್ತಾರೆ. ಆಮೇಲೆ ಪಕ್ ಒಮ್ಮೆಲೇ ಅತ್ತ ಹಾರುತ್ತದೆ, ಹೊಡೆತ, ಗೋಲು. ಅವರು ಎಲ್ಲಿಂದಲೋ ಪ್ರತ್ಯಕ್ಷರಾದಂತೆ ತೋರುತ್ತದೆ. ರಿಂಕ್‌ನಲ್ಲಿ ಕೂತವರಿಗೆ ಕಾಣುವುದು ಬೇರೆಯೇ. ಒವೆಚ್ಕಿನ್ ಎರಡು ಹೆಜ್ಜೆ ಹಿಂದೆ ಜಾರುತ್ತಾರೆ, ಅರೆ ಹೆಜ್ಜೆ ಮುಂದೆ ಬರುತ್ತಾರೆ, ಮತ್ತೆ ಹಿಂದೆ. ಅವರನ್ನು ಕಾಯಬೇಕಾದ ರಕ್ಷಕ ಒಂದು ಕ್ಷಣ ಪಕ್ ಕಡೆಗೆ ವಾಲುತ್ತಾನೆ. ಗೋಲು ಹುಟ್ಟುವುದು ಆ ವಾಲುವಿಕೆಯಲ್ಲಿ. ಹೊಡೆತ ಅದರ ಫಲ.

ಕ್ಯಾಮೆರಾ ಬಿಟ್ಟುಬಿಡುವ ಇನ್ನೊಂದು ಜಾಗ ಆಟಗಾರರ ಬೆಂಚು. ಐಸ್ ಹಾಕಿಯಲ್ಲಿ ಆಟಗಾರ ಒಂದು ಸಲಕ್ಕೆ ಮುಕ್ಕಾಲು ನಿಮಿಷದಷ್ಟು ಮಾತ್ರ ಆಡುತ್ತಾನೆ. ಅಷ್ಟಕ್ಕೇ ಉಸಿರು ಮೇಲೆ ಬಂದಿರುತ್ತದೆ. ಬದಲಿ ಆಟಗಾರ ಇಳಿಯಲು ಆಟ ನಿಲ್ಲಬೇಕೆಂದಿಲ್ಲ. ಹತ್ತಿರದಿಂದ ನೋಡಿದರೆ ಇದು ದಂಗುಬಡಿಸುವ ನೋಟ. ಒಳಗಿರುವವನು ಪಕ್ಕನ್ನು ಎದುರಾಳಿಯ ಮೂಲೆಗೆ ತಳ್ಳಿ ಬೆಂಚಿನತ್ತ ಹೊರಳುತ್ತಾನೆ. ಬೆಂಚಿನ ಮೇಲಿರುವವನು ಆಗಲೇ ಒಂದು ಕಾಲನ್ನು ಅಡ್ಡಗೋಡೆಯ ಮೇಲೆ ಹಾಕಿ ಕೂತಿದ್ದಾನೆ. ಬರುವವನು ಬೆಂಚಿಗೆ ಐದು ಅಡಿಯಷ್ಟು ಸಮೀಪ ಬಂದ ಮೇಲೆಯೇ ಇವನು ಇಳಿಯಬಹುದು. ಒಬ್ಬ ಬಾಗಿಲಿನಿಂದ ಒಳಗೆ ನುಗ್ಗುತ್ತಾನೆ, ಇನ್ನೊಬ್ಬ ಗೋಡೆ ಹಾರಿ ಹೊರಗೆ ಧುಮುಕುತ್ತಾನೆ. ಮೂವರು ಫಾರ್ವರ್ಡ್‌ಗಳು ಹೀಗೆ ಎರಡು ಮೂರು ಸೆಕೆಂಡಿನಲ್ಲಿ ಅದಲುಬದಲಾಗುತ್ತಾರೆ. ಲೆಕ್ಕ ತಪ್ಪಿ ಒಬ್ಬ ಹೆಚ್ಚಾದರೆ ಎರಡು ನಿಮಿಷದ ಪೆನಾಲ್ಟಿ. ಇದು ಬರೀ ಕಾಗದದ ಮೇಲಿನ ನಿಯಮವಲ್ಲ. 1979ರ ಮೇ 10ರಂದು ಮಾಂಟ್ರಿಯಲ್‌ನ ಫೋರಂನಲ್ಲಿ ಬಾಸ್ಟನ್ ಬ್ರುಯಿನ್ಸ್ ಮತ್ತು ಮಾಂಟ್ರಿಯಲ್ ಕೆನೇಡಿಯನ್ಸ್ ನಡುವೆ ಸೆಮಿಫೈನಲ್‌ನ ಏಳನೇ, ನಿರ್ಣಾಯಕ ಪಂದ್ಯ. ಮೂರು ನಿಮಿಷಕ್ಕಿಂತ ಕಡಿಮೆ ಹೊತ್ತು ಉಳಿದಿದೆ. ಬಾಸ್ಟನ್ 4–3ರಿಂದ ಮುಂದಿದೆ. ಬದಲಾವಣೆಯ ಗೊಂದಲದಲ್ಲಿ ಬಾಸ್ಟನ್ ಕಡೆಯಿಂದ ಒಬ್ಬ ಹೆಚ್ಚುವರಿ ಆಟಗಾರ ಐಸ್ ಮೇಲೆ ಇದ್ದುದನ್ನು ಹಿಡಿದು ಪೆನಾಲ್ಟಿ ಕೊಟ್ಟರು. ಆ ಪವರ್ ಪ್ಲೇಯಲ್ಲಿ ಗೀ ಲಾಫ್ಲೂರ್ ಸಮ ಮಾಡಿದರು. ಓವರ್‌ಟೈಮ್‌ನಲ್ಲಿ ಈವೋನ್ ಲಾಂಬೇರ್ ಗೋಲಿನಿಂದ ಮಾಂಟ್ರಿಯಲ್ ಗೆದ್ದಿತು, ಮುಂದೆ ಲೀಗಿನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ಪನ್ನೂ ಎತ್ತಿತು. ಸರಣಿಯ ದಿಕ್ಕು ಬದಲಾದದ್ದು ಬೆಂಚಿನ ಬಾಗಿಲಲ್ಲಿ. ಅಲ್ಲಿ ಕಣ್ಣಿಡುವ ಅಭ್ಯಾಸವಿದ್ದ ಪ್ರೇಕ್ಷಕನಿಗೆ ಮಾತ್ರ ಅದು ನಡೆಯುತ್ತಿದ್ದ ಹೊತ್ತಿನಲ್ಲೇ ಕಾಣುವ ಸಂಗತಿ.

ಈ ಬೆಂಚಿನ ಲೆಕ್ಕಾಚಾರದಲ್ಲಿ ಇನ್ನೂ ಸೂಕ್ಷ್ಮಗಳಿವೆ. ಎರಡನೇ ಅವಧಿಯಲ್ಲಿ ತಂಡಗಳು ದಿಕ್ಕು ಬದಲಿಸುವುದರಿಂದ ಪ್ರತಿ ತಂಡಕ್ಕೂ ತನ್ನ ಗೋಲಿನಿಂದ ಬೆಂಚು ದೂರವಾಗುತ್ತದೆ. ತಮ್ಮ ಕಡೆ ಮುತ್ತಿಗೆಗೆ ಸಿಕ್ಕಿಕೊಂಡ ರಕ್ಷಕರು ಸುಸ್ತಾದರೂ ಬೆಂಚು ತಲುಪಲಾರರು. ಒಂದು ನಿಮಿಷ, ಒಂದೂಕಾಲು ನಿಮಿಷ ಕಳೆಯಿತೆಂದರೆ ಮಂಡಿಗಳು ಬಾಗುವುದು ನಿಲ್ಲುತ್ತದೆ, ಸ್ಟಿಕ್ ಒಂದೇ ಕೈಗೆ ಬರುತ್ತದೆ, ತಿರುವುಗಳು ಅಗಲವಾಗುತ್ತವೆ. ಎರಡನೇ ಅವಧಿಯಲ್ಲಿ ಗೋಲು ಹೆಚ್ಚಾಗಿ ಬೀಳುವುದಕ್ಕೆ ಆಟ ಬಲ್ಲವರು ಕೊಡುವ ಒಂದು ಕಾರಣ ಇದೇ. ಆಟ ನಿಂತು ಮತ್ತೆ ಶುರುವಾಗುವಾಗ ಕೊನೆಯದಾಗಿ ಆಟಗಾರರನ್ನು ಬದಲಿಸುವ ಹಕ್ಕು ಆತಿಥೇಯ ತಂಡದ್ದು. ಎದುರಾಳಿಯ ಕೋಚ್ ಯಾರನ್ನು ಕಳಿಸಿದರೆಂದು ನೋಡಿಕೊಂಡು, ಅವರ ಅತ್ಯುತ್ತಮ ಫಾರ್ವರ್ಡ್‌ಗೆ ತಮ್ಮ ಅತ್ಯುತ್ತಮ ರಕ್ಷಕನನ್ನು ಜೋಡಿಸಬಹುದು. ಈ ಎರಡನ್ನೂ ಟಿವಿ ಹೇಳಬಹುದು, ಆದರೆ ತೋರಿಸುವುದು ಅಪರೂಪ. ಬೆಂಚಿನಲ್ಲಿ ಕೋಚ್ ಹೆಗಲು ತಟ್ಟುವುದು, ಎದುರಾಳಿಯ ಬೆಂಚಿನಲ್ಲಿ ಅದಕ್ಕೆ ತಕ್ಷಣ ಉತ್ತರವಾಗಿ ಇಬ್ಬರು ಮರಳಿ ಕೂರುವುದು, ಇದೆಲ್ಲ ನಡೆಯುವಾಗ ತೆರೆಯ ಮೇಲೆ ಹಿಂದಿನ ಹೊಡೆತದ ಮರುಪ್ರಸಾರವೋ ಜಾಹೀರಾತೋ ಓಡುತ್ತಿರುತ್ತದೆ.

ಐಸ್ ಕೂಡ ಆಟದಲ್ಲಿ ಪಾತ್ರಧಾರಿ ಎಂಬುದನ್ನು ತೆರೆ ಮರೆಸಿಬಿಡುತ್ತದೆ. ಟಿವಿಯಲ್ಲಿ ಅದು ಬೆಳ್ಳಗಿನ ಹಿನ್ನೆಲೆ, ಅಷ್ಟೆ. ನಿಜದಲ್ಲಿ ಅದು ಸುಮಾರು ಒಂದು ಇಂಚಷ್ಟೇ ದಪ್ಪದ, ನಿಮಿಷ ನಿಮಿಷಕ್ಕೂ ಸವೆಯುವ ಪದರ. ಹತ್ತು ಮಂದಿಯ ಸ್ಕೇಟ್ ಅಲಗುಗಳು ಅದನ್ನು ಕೆರೆದು ಕೆರೆದು ಪುಡಿ ಎಬ್ಬಿಸುತ್ತವೆ. ಹದಿನೈದು ನಿಮಿಷ ಆಗುವಷ್ಟರಲ್ಲಿ ಪಾಸ್ ಕೊಟ್ಟ ಪಕ್ ನೆಟ್ಟಗೆ ಹೋಗದೆ ಅಲ್ಲಲ್ಲಿ ಕುಪ್ಪಳಿಸುತ್ತದೆ. ಅವಧಿ ಮುಗಿಯುವ ಹೊತ್ತಿಗೆ ಜಾಣ ತಂಡಗಳು ನಾಜೂಕಿನ ಪಾಸುಗಳನ್ನು ಬಿಟ್ಟು ಸರಳವಾಗಿ ಆಡತೊಡಗುವುದು ಇದಕ್ಕೇ. ವಿರಾಮದಲ್ಲಿ ಐಸ್ ನುಣುಪು ಮಾಡುವ ಯಂತ್ರ ಬರುತ್ತದೆ. ಕ್ಯಾಲಿಫೋರ್ನಿಯಾದ ಪ್ಯಾರಾಮೌಂಟ್ ಪಟ್ಟಣದ ಫ್ರಾಂಕ್ ಜಾಂಬೋನಿ 1949ರಲ್ಲಿ ರೂಪಿಸಿದ ಯಂತ್ರ ಅದು. ಅವರ ಹೆಸರೇ ಅದಕ್ಕೆ ನಿಂತಿದೆ. ಮೇಲ್ಪದರವನ್ನು ಅಲಗಿನಿಂದ ಹೆರೆದು, ಪುಡಿಯನ್ನು ಒಳಗೆಳೆದುಕೊಂಡು, ಹಿಂದಿನಿಂದ ಬಿಸಿನೀರಿನ ತೆಳು ಪೊರೆ ಹಾಸುತ್ತಾ ಹೋಗುತ್ತದೆ. ಬಿಸಿನೀರೇ ಏಕೆಂದರೆ, ಅದು ಕೆಳಗಿನ ಪದರವನ್ನು ಕೊಂಚ ಕರಗಿಸಿ ಅದರೊಂದಿಗೆ ಬೆಸೆದುಕೊಳ್ಳುತ್ತದೆ. ಅದರಲ್ಲಿ ಗಾಳಿಯ ಅಂಶವೂ ಕಡಿಮೆ, ಹಾಗಾಗಿ ಐಸ್ ಗಟ್ಟಿಯಾಗಿ, ತಿಳಿಯಾಗಿ ಹೆಪ್ಪುಗಟ್ಟುತ್ತದೆ. ಟಿವಿ ಆ ಹೊತ್ತಿಗೆ ಸ್ಟುಡಿಯೋದ ಚರ್ಚೆಗೆ ಹೋಗಿರುತ್ತದೆ. ರಿಂಕ್‌ನಲ್ಲಿದ್ದವರಿಗೆ ಮುಂದಿನ ಅವಧಿಯ ಮೊದಲ ಐದು ನಿಮಿಷ ಆಟ ಏಕೆ ಒಮ್ಮೆಲೇ ಚುರುಕಾಯಿತು ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಇನ್ನು ಸದ್ದು. ಸ್ಕೇಟ್ ಅಲಗು ಐಸನ್ನು ಕೊರೆದು ನಿಲ್ಲುವ ಕರಕರ, ಪಕ್ ಗೋಲುಕಂಬಕ್ಕೆ ಬಡಿದ ಠಣ್, ಇಬ್ಬರು ಬಿದ್ದ ರಭಸಕ್ಕೆ ಗಾಜಿನ ಗೋಡೆ ಅದುರುವ ಸದ್ದು, ಇವು ಮೈ ಜುಮ್ಮೆನಿಸುತ್ತವೆ ಎಂದಷ್ಟೇ ಹೇಳಿದರೆ ಸಾಲದು. ಆಟಗಾರರಿಗೆ ಸದ್ದು ಮಾಹಿತಿ. ಪಾಸ್ ಬೇಕಾದವನು ಸ್ಟಿಕ್ಕಿನಿಂದ ಐಸ್ ಕುಟ್ಟುತ್ತಾನೆ. ಎದುರಾಳಿಯ ಪೆನಾಲ್ಟಿ ಮುಗಿಯುತ್ತಾ ಬಂದಿತೆಂದು ಗೋಲ್‌ಕೀಪರ್ ತನ್ನ ಅಗಲವಾದ ಸ್ಟಿಕ್ಕನ್ನು ಐಸ್ ಮೇಲೆ ಪಟಪಟನೆ ಬಡಿದು ದೂರದಲ್ಲಿರುವ ಜೊತೆಗಾರರಿಗೆ ಎಚ್ಚರಿಕೆ ಕೊಡುತ್ತಾನೆ. ಬೆನ್ನು ತಿರುಗಿಸಿ ಮೂಲೆಯಿಂದ ಪಕ್ ತೆಗೆಯಲು ಹೋದ ರಕ್ಷಕನಿಗೆ ಹಿಂದೆ ಎಷ್ಟು ಮಂದಿ ಬೆನ್ನಟ್ಟಿದ್ದಾರೆಂದು ಕೂಗಿ ಹೇಳುವವನೂ ಗೋಲ್‌ಕೀಪರೇ. ಪ್ರೇಕ್ಷಕರ ಗದ್ದಲವೂ ಆಟದ ಹೊರಗಿನದಲ್ಲ. 2020ರ ಬೇಸಿಗೆಯಲ್ಲಿ ಕೋವಿಡ್ ಕಾರಣಕ್ಕೆ ಎನ್‌ಎಚ್‌ಎಲ್ ತನ್ನ ಪ್ಲೇಆಫ್ ಪಂದ್ಯಗಳನ್ನು ಟೊರಾಂಟೊ ಮತ್ತು ಎಡ್ಮಂಟನ್‌ನ ಖಾಲಿ ಕ್ರೀಡಾಂಗಣಗಳಲ್ಲಿ ಆಡಿಸಿತು. ಆಟದ ಗುಣಮಟ್ಟ ಚೆನ್ನಾಗಿಯೇ ಇತ್ತು; ಟ್ಯಾಂಪಾ ಬೇ ತಂಡ ಕಪ್ ಗೆದ್ದಿತು. ಆದರೂ ಪ್ರಸಾರಕ್ಕೆ ಧ್ವನಿಮುದ್ರಿತ ಗದ್ದಲವನ್ನು ಸೇರಿಸಬೇಕಾಯಿತು. ಪ್ರೇಕ್ಷಕರಿಲ್ಲದ ಆಟ ಅಪೂರ್ಣವಾಗಿ ಕಾಣುತ್ತದೆಂದು ಟಿವಿಯೇ ಒಪ್ಪಿಕೊಂಡ ಸಂದರ್ಭ ಅದು. ಈ ಸಂಬಂಧ ಇಂದು ನಿನ್ನೆಯದಲ್ಲ. 1875ರ ಮಾರ್ಚ್ 3ರಂದು ಮಾಂಟ್ರಿಯಲ್‌ನ ವಿಕ್ಟೋರಿಯಾ ಸ್ಕೇಟಿಂಗ್ ರಿಂಕ್‌ನಲ್ಲಿ ಜೇಮ್ಸ್ ಕ್ರೈಟನ್ ಮತ್ತು ಗೆಳೆಯರು ಒಳಾಂಗಣದಲ್ಲಿ ಮೊದಲ ವ್ಯವಸ್ಥಿತ ಪಂದ್ಯ ಆಡಿದಾಗ, ಚೆಂಡು ಹಾರಿ ನೋಡುಗರಿಗೆ ಬಡಿದೀತೆಂಬ ಅಂಜಿಕೆ ಹೋಗಲಾಡಿಸಲು ಚಪ್ಪಟೆಯಾದ ಮರದ ಬಿಲ್ಲೆ ಬಳಸುವುದಾಗಿ ಪತ್ರಿಕೆಯಲ್ಲಿ ಮೊದಲೇ ತಿಳಿಸಲಾಗಿತ್ತು. ಪಕ್ ಚಪ್ಪಟೆಯಾಗಿರುವುದರಲ್ಲೇ ಪ್ರೇಕ್ಷಕನ ಪಾಲಿದೆ.

ಇಷ್ಟಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಮೊದಲನೆಯದು ಚರಿತ್ರೆಯಿಂದಲೇ ಬರುತ್ತದೆ. ಈ ಆಟದ ಮಹಾಕ್ಷಣಗಳನ್ನು ಜನ ಕಂಡದ್ದು, ಕೇಳಿದ್ದು ಮನೆಯಲ್ಲೇ ಅಲ್ಲವೇ? ಫಾಸ್ಟರ್ ಹೀವಿಟ್ 1923ರಿಂದ ರೇಡಿಯೋದಲ್ಲಿ ಹೇಳಿದ ವೀಕ್ಷಕ ವಿವರಣೆಯಿಂದಲೇ ಕೆನಡಾದ ಹಳ್ಳಿಹಳ್ಳಿಗೂ ಹಾಕಿ ತಲುಪಿತು. 1972ರ ಸೆಪ್ಟೆಂಬರ್ 28ರಂದು ಮಾಸ್ಕೋದಲ್ಲಿ, ಸೋವಿಯತ್ ತಂಡದ ವಿರುದ್ಧದ ಸರಣಿಯ ಕೊನೆಯ ಪಂದ್ಯದಲ್ಲಿ, ಇನ್ನು 34 ಸೆಕೆಂಡು ಉಳಿದಿರುವಾಗ ಪಾಲ್ ಹೆಂಡರ್ಸನ್ ಹೊಡೆದ ಗೋಲನ್ನು ಇಡೀ ಕೆನಡಾ ಟಿವಿಯಲ್ಲಿ ನೋಡಿತು. 1980ರಲ್ಲಿ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕಾಲೇಜು ಹುಡುಗರು ಸೋವಿಯತ್ ತಂಡವನ್ನು 4–3ರಿಂದ ಸೋಲಿಸಿದ್ದನ್ನು ಅಮೆರಿಕನ್ನರಲ್ಲಿ ಬಹುಪಾಲು ಮಂದಿ ಪಂದ್ಯ ಮುಗಿದ ಮೇಲೆ, ರಾತ್ರಿಯ ಪ್ರಸಾರದಲ್ಲಿ ಕಂಡರು. ಕೆನಡಾದಲ್ಲಿ 2008ರಿಂದ ಶುರುವಾದ ಪಂಜಾಬಿ ವೀಕ್ಷಕ ವಿವರಣೆ, ನಮ್ಮ ದೇಶದಿಂದ ಹೋಗಿ ನೆಲೆಸಿದ ಎಷ್ಟೋ ಮನೆಗಳ ಅಜ್ಜ ಅಜ್ಜಿಯರನ್ನೂ ಮೊಮ್ಮಕ್ಕಳ ಪಕ್ಕದಲ್ಲಿ ಆಟ ನೋಡಲು ಕೂರಿಸಿತು. ಇದೆಲ್ಲ ನಿಜ, ಇದರ ಬೆಲೆ ದೊಡ್ಡದು. ಆದರೆ ಈ ಉದಾಹರಣೆಗಳು ಟಿವಿ ಏನನ್ನು ಚೆನ್ನಾಗಿ ಕೊಡುತ್ತದೆ ಎಂಬುದನ್ನೂ ಹೇಳುತ್ತವೆ: ಏನಾಯಿತು, ಯಾರು ಗೆದ್ದರು, ಆ ಗೆಲುವು ದೇಶಕ್ಕೆ ಏನಾಗಿತ್ತು. ಗೋಲು ಹೇಗೆ ಹುಟ್ಟಿತು ಎಂಬುದು ಬೇರೆ ಪ್ರಶ್ನೆ. 1972ರಲ್ಲಿ ಟಿವಿ ಮುಂದೆ ಕೂತಿದ್ದ ಕೆನಡಾದವರಲ್ಲಿ ಬಹಳಷ್ಟು ಮಂದಿ ಊರ ರಿಂಕ್‌ಗಳಲ್ಲಿ, ಹೆಪ್ಪುಗಟ್ಟಿದ ಕೆರೆಗಳಲ್ಲಿ ಆಟ ನೋಡಿಯೇ ಬೆಳೆದವರು. ಚೌಕಟ್ಟಿನ ಹೊರಗೆ ಏನಿರಬಹುದೆಂದು ಅವರ ಮನಸ್ಸೇ ತುಂಬಿಕೊಳ್ಳುತ್ತಿತ್ತು. ರಿಂಕ್‌ನಲ್ಲಿ ಕಣ್ಣು ಪಳಗಿದವರಿಗೆ ಟಿವಿಯ ಆಟವೂ ಪೂರ್ತಿಯಾಗಿ ಒದಗುತ್ತದೆ. ಪಳಗದವರಿಗೆ ಅದು ಪಕ್ಕಿನ ಹಿಂದಿನ ಓಟವಾಗಿ ಉಳಿಯುತ್ತದೆ.

ಎರಡನೇ ಆಕ್ಷೇಪ ತಂತ್ರಜ್ಞಾನದ್ದು. ಈಗ ಪಕ್‌ಗೂ ಆಟಗಾರರ ಅಂಗಿಗೂ ಸಂವೇದಕಗಳಿವೆ. ಯಾರು ಎಲ್ಲಿದ್ದರು, ಎಷ್ಟು ವೇಗದಲ್ಲಿದ್ದರು ಎಲ್ಲವೂ ದಾಖಲಾಗುತ್ತದೆ. ಇಡೀ ರಿಂಕನ್ನು ಮೇಲಿನಿಂದ ತೋರಿಸುವ ಕ್ಯಾಮೆರಾ ಇಟ್ಟರೆ ತೀರಿತಲ್ಲ? ಅಂಥ ನೋಟ ಈಗಿನದಕ್ಕಿಂತ ಉತ್ತಮ ಎಂದು ನಾನೂ ಒಪ್ಪುತ್ತೇನೆ. ತರಬೇತುದಾರರು ಅಂಥ ಚಿತ್ರಗಳನ್ನು ಇಟ್ಟುಕೊಂಡೇ ಪಾಠ ಹೇಳುತ್ತಾರೆ. ಗೋಲುಗೆರೆಯನ್ನು ಪಕ್ ದಾಟಿತೇ ಇಲ್ಲವೇ ಎಂಬ ತೀರ್ಮಾನಕ್ಕಂತೂ ಮರುಪ್ರಸಾರವೇ ಬೇಕು, ಬರಿಗಣ್ಣು ಅಲ್ಲಿ ಸಾಲದು. ಆದರೆ ಇಡೀ ರಿಂಕನ್ನು ಮನೆಯ ತೆರೆಗೆ ಇಳಿಸಿದರೆ ಆಟಗಾರರು ಚುಕ್ಕೆಗಳಾಗುತ್ತಾರೆ. ರಕ್ಷಕನ ಭುಜದ ವಾಲುವಿಕೆ, ಸುಸ್ತಾದವನ ಮಂಡಿ, ಕಣ್ಣಿನ ಓಟ ಕಾಣುವುದಿಲ್ಲ. ಅವನ್ನು ತೋರಿಸಲು ಹತ್ತಿರ ಹೋದರೆ ರಿಂಕ್ ಮಾಯ. ನಮ್ಮ ಕಣ್ಣಿಗೆ ಈ ತೊಡಕಿಲ್ಲ. ಅದು ಇಡೀ ರಿಂಕನ್ನು ಹಿಡಿದುಕೊಂಡೇ, ಬೇಕೆನಿಸಿದ ಕ್ಷಣ ಬೇಕೆನಿಸಿದ ಒಬ್ಬನ ಮೇಲೆ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಾಗಿ, ಎಲ್ಲಿ ನೋಡಬೇಕೆಂದು ನಿರ್ಧರಿಸುವ ಕೆಲಸ ರಿಂಕ್‌ನಲ್ಲಿ ನೋಡುಗನದ್ದು. ಆ ನಿರ್ಧಾರ ಮಾಡುತ್ತಾ ಮಾಡುತ್ತಾ, ತಪ್ಪುತ್ತಾ, ತಿದ್ದಿಕೊಳ್ಳುತ್ತಾ ಆಟ ಅರ್ಥವಾಗುತ್ತದೆ. ಬೇರೊಬ್ಬರು ಆರಿಸಿಕೊಟ್ಟ ನೋಟದಲ್ಲಿ ಈ ಕಲಿಕೆಗೆ ಎಡೆಯಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರ: ಹಿಂಸೆ. ಎನ್‌ಎಚ್‌ಎಲ್‌ನಲ್ಲಿ ಕೈಗವಸು ಎಸೆದು ಮುಷ್ಟಿಯುದ್ಧಕ್ಕೆ ಇಳಿದವರಿಗೆ ಸಾಮಾನ್ಯ ಶಿಕ್ಷೆ ಐದು ನಿಮಿಷ. ಆಮೇಲೆ ಮರಳಿ ಆಡಬಹುದು. ಹೊಡೆದಾಟ ಶುರುವಾದರೆ ಕ್ರೀಡಾಂಗಣ ಎದ್ದು ನಿಂತು ಕೇಕೆ ಹಾಕುತ್ತದೆ. ಅಲ್ಲಿಗೆ ಹೋಗಿ ಕೂರುವುದೆಂದರೆ ಆ ಕೇಕೆಗೆ ದನಿಗೂಡಿಸಿದಂತೆ ಎಂಬ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಎದುರಾಳಿಗಳೊಂದಿಗೆ ಹೊಡೆದಾಡುವುದನ್ನೇ ತಂಡದಲ್ಲಿ ಮುಖ್ಯ ಕೆಲಸವಾಗಿ ಹೊತ್ತಿದ್ದ ಡೆರೆಕ್ ಬೂಗಾರ್ಡ್ 2011ರಲ್ಲಿ, 28ನೇ ವಯಸ್ಸಿನಲ್ಲಿ ತೀರಿಕೊಂಡರು; ತಲೆಗೆ ಪದೇ ಪದೇ ಪೆಟ್ಟು ಬೀಳುವುದರೊಂದಿಗೆ ನಂಟಿರುವ ಸಿಟಿಇ ಕಾಯಿಲೆ ಅವರ ಮೆದುಳಿನಲ್ಲಿ ಇತ್ತೆಂದು ಪರೀಕ್ಷೆಯಿಂದ ಗೊತ್ತಾಯಿತು. ಮುಷ್ಟಿಯುದ್ಧ ಆಟದ ಭಾಗ ಎನ್ನುವವರ ವಾದವನ್ನು ನಾನು ಒಪ್ಪುವುದಿಲ್ಲ. ಒಲಿಂಪಿಕ್ಸ್‌ನಲ್ಲಿ ಹೊಡೆದಾಡಿದವರನ್ನು ಪಂದ್ಯದಿಂದಲೇ ಹೊರಗೆ ಹಾಕುತ್ತಾರೆ, ಆದರೂ ಅಲ್ಲಿನ ಹಾಕಿ ಜಗತ್ತಿನ ಅತ್ಯುತ್ತಮ ಹಾಕಿಗಳಲ್ಲಿ ಒಂದು. 2024ರ ಏಪ್ರಿಲ್ 20ರಂದು ಮಾಂಟ್ರಿಯಲ್‌ನ ಬೆಲ್ ಸೆಂಟರ್‌ನಲ್ಲಿ ಮಾಂಟ್ರಿಯಲ್ ಮತ್ತು ಟೊರಾಂಟೊ ಮಹಿಳಾ ತಂಡಗಳ ಪಂದ್ಯಕ್ಕೆ 21,105 ಮಂದಿ ಬಂದರು. ಮಹಿಳಾ ಹಾಕಿಯಲ್ಲಿ ಅದುವರೆಗಿನ ದಾಖಲೆ ಅದು. ಅವರು ಮುಷ್ಟಿಯುದ್ಧಕ್ಕೆ ಬಂದವರಲ್ಲ. ಆಟ ಬಲ್ಲ ಪ್ರೇಕ್ಷಕರು ಹೆಚ್ಚಿದಷ್ಟೂ ಹೊಡೆದಾಟದ ಆಕರ್ಷಣೆ ಕುಗ್ಗುತ್ತದೆ ಎಂಬುದು ನನ್ನ ನಂಬಿಕೆ. ಬೆಂಚಿನ ಬದಲಾವಣೆಯಲ್ಲಿ, ಒಂದು ವಾಲುವಿಕೆಯಲ್ಲಿ ರೋಮಾಂಚನ ಕಾಣಬಲ್ಲವನಿಗೆ ಇಬ್ಬರು ಅಂಗಿ ಹಿಡಿದು ಗುದ್ದಾಡುವುದು ಆಟ ನಿಂತ ಹೊತ್ತು ಮಾತ್ರ.

ಕೊನೆಯ ಆಕ್ಷೇಪ ದುಡ್ಡಿನದ್ದು. ಎನ್‌ಎಚ್‌ಎಲ್ ಟಿಕೆಟ್ ದುಬಾರಿ. ಸಾಮಾನ್ಯ ಸಂಬಳದ ಕುಟುಂಬವೊಂದು ಮಕ್ಕಳನ್ನು ಕರೆದುಕೊಂಡು ಹೋಗುವುದು ಕಷ್ಟ. ಇದು ನ್ಯಾಯವಾದ ಸಿಟ್ಟು, ಲೀಗು ಇದಕ್ಕೆ ಉತ್ತರ ಕೊಡಬೇಕು. ಆದರೆ ನನ್ನ ವಾದ ಸರಿಯಾದರೆ, ಗಾಜಿಗೆ ಮೂಗು ತಾಗುವಂತೆ ಕೂರುವ ಅತಿ ದುಬಾರಿ ಜಾಗಕ್ಕಿಂತ ಮೇಲಿನ ಸಾಲುಗಳ ಅಗ್ಗದ ಜಾಗವೇ ಆಟ ಕಲಿಯಲು ಮೇಲು. ಅಲ್ಲಿಂದ ರಿಂಕ್ ಪೂರ್ತಿ ಕಾಣುತ್ತದೆ. ಅದೂ ಆಗದಿದ್ದರೆ ಜೂನಿಯರ್ ಹಾಕಿ ಇದೆ: ಹದಿನಾರರಿಂದ ಇಪ್ಪತ್ತರ ಹುಡುಗರು ಆಡುವ ಕೆನೇಡಿಯನ್ ಹಾಕಿ ಲೀಗ್‌ನ ಸುಮಾರು 60 ತಂಡಗಳು ದೊಡ್ಡ ನಗರಗಳಲ್ಲಷ್ಟೇ ಅಲ್ಲ, ಸಣ್ಣ ಊರುಗಳಲ್ಲೂ ಇವೆ. ವಿಶ್ವವಿದ್ಯಾಲಯಗಳ ತಂಡಗಳಿವೆ, ಮಹಿಳಾ ಲೀಗ್ ಇದೆ, ಬಡಾವಣೆಯ ರಿಂಕ್‌ನಲ್ಲಿ ಶನಿವಾರ ಬೆಳಿಗ್ಗೆ ಮಕ್ಕಳ ಪಂದ್ಯಗಳಿವೆ. ಟೊರಾಂಟೊ, ಬ್ರಾಂಪ್ಟನ್, ಮಿಸ್ಸಿಸಾಗಾಗಳಲ್ಲಿ ನೆಲೆಸಿ, ಚಳಿಗಾಲವಿಡೀ ಟಿವಿಯಲ್ಲಿ ಮಾತ್ರ ಈ ಆಟ ನೋಡುವ ಕನ್ನಡಿಗರಿಗೆ ನಾನು ಹೇಳುವುದೂ ಇದನ್ನೇ. ಮಾಂಟ್ರಿಯಲ್‌ನಲ್ಲಿ 1877ರಲ್ಲಿ ಅಚ್ಚಾದ ಐಸ್ ಹಾಕಿಯ ಮೊದಲ ನಿಯಮಗಳು ಇಂಗ್ಲೆಂಡಿನ ಮೈದಾನ ಹಾಕಿಯಿಂದಲೇ ಎತ್ತಿಕೊಂಡವು. ನಮಗೆ ಈ ಆಟ ತೀರಾ ಪರಕೀಯವಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಮೈದಾನದ ಅಂಚಿನಲ್ಲಿ ಕೂತು ಆಟ ನೋಡಿದವರಿಗೆ, ಚೆಂಡಿಲ್ಲದ ಆಟಗಾರ ಏನು ಮಾಡುತ್ತಿದ್ದಾನೆಂದು ನೋಡುವ ಅಭ್ಯಾಸ ಆಗಲೇ ಇದೆ.

ಭಾರತ ಬಿಟ್ಟು ಹೋಗಲಾಗದವರಿಗೂ ದಾರಿ ಇದೆ. ಲಡಾಖಿನ ಲೇಹ್‌ನಲ್ಲಿ, ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿ, ಜನವರಿಯ ಚಳಿಗೆ ಕೊಳಗಳು ಹೆಪ್ಪುಗಟ್ಟುತ್ತವೆ; ಸೇನೆಯ ತಂಡಗಳು, ಗಡಿ ಪೊಲೀಸ್ ಪಡೆಯಾದ ಐಟಿಬಿಪಿಯ ತಂಡ, ಊರಿನ ಹುಡುಗ ಹುಡುಗಿಯರ ತಂಡಗಳು ಅಲ್ಲಿ ಆಡುತ್ತವೆ. ಲಡಾಖಿನ ಹೆಣ್ಣುಮಕ್ಕಳೇ ಹೆಚ್ಚಾಗಿರುವ ಭಾರತದ ಮಹಿಳಾ ತಂಡ 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿದೆ. ದೊಡ್ಡ ವಾಹಿನಿಗಳ ಕ್ಯಾಮೆರಾಗಳು ಅಪರೂಪಕ್ಕೆ ತಲುಪುವ ಆ ರಿಂಕ್‌ಗಳ ಸುತ್ತ ಜನ ದಪ್ಪ ಅಂಗಿ ಹೊದ್ದು ನಿಂತು ಇಡೀ ಆಟವನ್ನು ನೋಡುತ್ತಾರೆ. ಮಾಂಟ್ರಿಯಲ್‌ನ ಸಾವಿರಾರು ಆಸನಗಳ ಕ್ರೀಡಾಂಗಣಕ್ಕೂ ಲೇಹ್‌ನ ಕೊಳದ ದಂಡೆಗೂ ವೈಭವದಲ್ಲಿ ಹೋಲಿಕೆಯಿಲ್ಲ, ಆದರೆ ನೋಡುಗನಿಗೆ ಸಿಗುವ ಹಕ್ಕು ಎರಡೂ ಕಡೆ ಒಂದೇ: ಕಣ್ಣನ್ನು ತನಗೆ ಬೇಕಾದ ಕಡೆ ತಿರುಗಿಸುವ ಹಕ್ಕು. ಹೊಸಬರು ರಿಂಕ್‌ಗೆ ಹೋದಾಗ ಒಂದು ಅವಧಿಯಾದರೂ ಪಕ್ಕನ್ನು ಬಿಟ್ಟು ಒಬ್ಬನೇ ಒಬ್ಬ ಆಟಗಾರನನ್ನು, ಅವನು ಇಳಿದಾಗಿನಿಂದ ಬೆಂಚಿಗೆ ಮರಳುವವರೆಗೆ, ಹಿಂಬಾಲಿಸಿ ನೋಡಲಿ. ಗೋಲೊಂದು ಕಣ್ತಪ್ಪಿದರೂ ಚಿಂತೆಯಿಲ್ಲ. ಮರುಪ್ರಸಾರದಲ್ಲಿ ಅದು ನೂರು ಸಲ ಸಿಗುತ್ತದೆ. ಅವನು ಪಕ್ ಇಲ್ಲದೆ ಮಾಡಿದ ಕೆಲಸವನ್ನು ಮಾತ್ರ ಯಾವ ವಾಹಿನಿಯೂ ಮತ್ತೆ ತೋರಿಸುವುದಿಲ್ಲ. ಗೆಲುವು ಸೋಲುಗಳ ಬಹುಪಾಲು ಕಾರಣ ಅಲ್ಲೇ ಇರುವುದರಿಂದ, ಅದನ್ನು ನೋಡಲು ಖರ್ಚು ಮಾಡಿದ ದುಡ್ಡೂ ಸಹಿಸಿದ ಚಳಿಯೂ ವ್ಯರ್ಥವಲ್ಲ.